ಹಸಿರು ಬಳೆಯ ಕೈಗಳು

ಅಕ್ಕನ ಮುಖವನ್ನು ಅವರ ವಿಡಿಯೊ ನೋಡುವವರು ಯಾರೂ ಕಂಡಿರಲಿಲ್ಲ. ಕಾಣುತ್ತಿದ್ದುದು ಒಲೆ, ಎರಡು ಕೈ, ಹಸಿರು ಗಾಜಿನ ಬಳೆ. ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದು ಜೋಗೇಶ್ವರಿಯ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ಸಂಸಾರ ಹೂಡಿದ್ದ ಅವರು ರೊಟ್ಟಿ ಬಡಿಯುತ್ತ ತಮ್ಮ ಮಾತಿನಲ್ಲೇ ಹರಟುತ್ತಿದ್ದರು.

"ಸೊಸಿ ಮಾರಿ ಫೋನಿನ್ಯಾಗ ಬರಬಾರದಂತ ನಮ್ಮ ಮಾವ ಹೇಳ್ಯಾರ. ಕೈ ಬಗ್ಗೆ ಏನೂ ಅಂದಿಲ್ಲ," ಎಂದು ನಾನು ಮೊದಲ ಸಲ ಫೋನು ಮಾಡಿದಾಗ ನಕ್ಕಿದ್ದರು.

ಫೋರ್ಟಿನ ಆಫೀಸಿನ ಕೆಲಸ ಬಿಟ್ಟು ನಾನು ಚೆಂಬೂರಿನ ನಮ್ಮ ಮನೆಯಿಂದಲೇ ಅಮ್ಮನ ಮಜ್ಜಿಗೆ ಮೆಣಸು ಮಾರಲು ತೊಡಗಿದ್ದ ದಿನಗಳು ಅವು. ಹೆಸರಾಂತವರಿಂದ ಜಾಹೀರಾತು ಮಾಡಿಸುವುದು ನಮ್ಮಂಥವರಿಗೆ ಆಗದ ಮಾತು. ಮನೆಯಲ್ಲೇ ಕೂತು ವಿಡಿಯೊ ಮಾಡುವ ಸಾಮಾನ್ಯರಿಗೆ ಒಂದು ಪೊಟ್ಟಣ, ಹೇಗೆ ತೋರಿಸಬೇಕೆಂಬ ಒಂದು ಚೀಟಿ ಕಳಿಸುತ್ತಿದ್ದೆ. ಅವರಲ್ಲಿ ಜನ ನಂಬುತ್ತಿದ್ದುದು ಅಕ್ಕನನ್ನು. ಆ ಕೈ ಮಾಡಿದ್ದು ರುಚಿಯಾಗಿಯೇ ಇರುತ್ತದೆ ಎಂದು ಕೆಳಗೆ ಬರೆಯುತ್ತಿದ್ದರು.

ಆ ವರ್ಷ ಮಳೆ ಬೇಗ ಹಿಡಿಯಿತು. ಅರ್ಧ ಒಣಗಿದ ಮೆಣಸನ್ನು ನಾನು ಡಬ್ಬಿಗೆ ತುಂಬುವಾಗ ಅಮ್ಮ ಒಂದನ್ನು ಒತ್ತಿ ನೋಡಿದರು.

"ಇದಕ್ಕೆ ಇನ್ನೊಂದು ಬಿಸಿಲು ಬೇಕು ಮಾರಾಯ್ತಿ. ಒಳಗೆ ಪಸೆ ಉಂಟು."

"ವಿಡಿಯೊಕ್ಕೆ ಅಮ್ಮ, ತಿನ್ಲಿಕ್ಕಲ್ಲ."

ಸಾಮಾನ್ಯವಾಗಿ ಅಕ್ಕ ತಾವೇ ವಿಡಿಯೊ ಮಾಡಿ ಕಳಿಸುತ್ತಿದ್ದರು. ಅಂದು, ಚೆನ್ನಾಗಿ ಬರಲಿ ಎಂದು, ಆ ಡಬ್ಬಿ ಹಿಡಿದು ನಾನೇ ಹೋದೆ. ಸದ್ದು ಆಗದಂತೆ ಫ್ಯಾನು ಆರಿಸಿದೆ. ಕರಿಯುವ ಮೊದಲು ಅಕ್ಕ ಎರಡು ಬಳೆ ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಗೋಡೆಯ ಮೊಳೆಗೆ ಹಾಕಿದರು.

"ಎಲ್ಲ ಹಾಕ್ಕೊಳ್ಳಿ ಅಕ್ಕ, ಸದ್ದು ಚೆಂದ ಬರ್ತದೆ."

"ಎಣ್ಣಿ ಮುಂದ ನಾವು ಇಷ್ಟು ಬಳಿ ಹಾಕೂದಿಲ್ಲ ತಂಗಿ." ಆದರೂ ಮೊಳೆಯಿಂದ ತೆಗೆದರು. "ಇರ್ಲಿ, ನೀ ಓದಿದಾಕಿ. ನಿನಗ ಗೊತ್ತಿರತೈತಿ."

ಮೊದಲ ಸಲ ಸರಿಯಾಗಿಯೇ ಬಂತು. ಇನ್ನೊಮ್ಮೆ, ಹತ್ತಿರದಿಂದ ಎಂದವಳು ನಾನು. ಅಕ್ಕ ಕೈ ತಗ್ಗಿಸಿ ಮೆಣಸು ಬಿಟ್ಟರು. ಅದು ಸಿಡಿಯಿತು. ಎಣ್ಣೆ ಅವರ ಬಲಗೈ ಮೇಲೆ ಎರಚಿತು, ಒಲೆಯ ಮೇಲೂ ಚೆಲ್ಲಿತು. ಬಾಣಲೆಯಿಂದ ಎದ್ದ ಬೆಂಕಿ ಹಗ್ಗದ ಮೇಲಿದ್ದ ಸೀರೆಯ ಅಂಚಿನವರೆಗೆ ಹೋಯಿತು. ನಾನು ಫೋನು ಹಿಡಿದು ನಿಂತೇ ಇದ್ದೆ.

ಪಕ್ಕದ ಖೋಲಿಯ ಮರಾಠಿ ಹೆಂಗಸು ಓಡಿ ಬಂದು ಗ್ಯಾಸು ಬಂದ್ ಮಾಡಿ, ಹಿಟ್ಟು ನಾದುವ ಪರಾತವನ್ನು ಬಾಣಲೆಯ ಮೇಲೆ ಮುಚ್ಚಿದರು. ಆಮೇಲೆ ನನ್ನತ್ತ ತಿರುಗಿ, "ಅಗ, ಫೋನ್ ಠೇವ್ ಆಧೀ," ಎಂದರು. ಮೊದಲು ಫೋನು ಕೆಳಗಿಡು. ಆಗ ಇಟ್ಟೆ.

ಅಕ್ಕ ಕೈಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದ್ದರು. ಬಳೆಗಳ ಕೆಳಗೆ ಎಣ್ಣೆ ಇಳಿದು ಮಣಿಕಟ್ಟು ನೋಡುನೋಡುತ್ತಲೇ ಊದಿತು. ಸೋಪು ಹಚ್ಚಿ ಎಳೆದರೂ ಒಂದು ಬಳೆಯೂ ಬರಲಿಲ್ಲ. ನಾನು ಲಟ್ಟಣಿಗೆ ಎತ್ತಿಕೊಂಡೆ. ಅಕ್ಕ ಕೈಯನ್ನು ಎದೆಗೆ ಒತ್ತಿಕೊಂಡರು.

"ಬ್ಯಾಡ ತಂಗಿ. ಮನಿಯವ್ರು ಹದಿನಾರನೇ ಮಾಳಿಗಿ ಮ್ಯಾಲ ಪ್ಲಾಸ್ಟರ್ ಮಾಡಾಕ ಹೋಗ್ಯಾರ. ಈ ಹೊತ್ತಿನ್ಯಾಗ ಬಳಿ ಒಡೀಬ್ಯಾಡ."

ನಾನು ಲಟ್ಟಣಿಗೆ ಕೆಳಗಿಟ್ಟೆ. ಅವರ ನಂಬಿಕೆಗೆ ಗೌರವ ಕೊಟ್ಟೆ ಎಂದು ಆಗ ಅಂದುಕೊಂಡಿದ್ದೆ. ಈಗ ಅನಿಸುತ್ತದೆ, ನನಗೆ ಹೆದರಿಕೆಯಾಗಿತ್ತು, ಅಷ್ಟೆ. ರಿಕ್ಷಾ ಸಿಕ್ಕಿ, ನೀರು ನಿಂತ ರಸ್ತೆ ದಾಟಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಬೆರಳುಗಳು ನೀಲಿಯಾಗಿದ್ದವು. ಡಾಕ್ಟರು ಬಳೆಗಳನ್ನು ಒಂದೊಂದಾಗಿ ಒಡೆದು ತೆಗೆದು, ಇವನ್ನು ಮೊದಲೇ ತೆಗೆಯಬೇಕಿತ್ತು ಎಂದರು. ಅಕ್ಕ ಮುಖ ಆಚೆ ತಿರುಗಿಸಿ ಮಲಗಿದ್ದರು. ಸಂಜೆ ಗಂಡ ಸಿಮೆಂಟಿನ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತಾಗ ಅಕ್ಕ ಮೊದಲ ಸಲ ಅತ್ತರು.

ಆ ವಿಡಿಯೊ ನನ್ನ ಫೋನಿನಲ್ಲಿ ಇನ್ನೂ ಇದೆ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೆ ತೆಗೆದು ನೋಡುತ್ತೇನೆ. ಬೆಂಕಿ ಎದ್ದ ಮೇಲೂ ಚೌಕಟ್ಟು ಅಲುಗಿಲ್ಲ.

ಗಾಯ ಮಾಯಿತು, ಬೆರಳು ಮಡಚಲಾಗಲಿಲ್ಲ. ಬಹಳ ತಿಂಗಳ ಮೇಲೆ ಅಕ್ಕನೇ ಕರೆದರು. "ಕೈ ನಿಂದು, ಮಾತು ನಂದು. ಬಾ." ಅದೇ ಹಸಿರಿನ ಬಳೆ ತರಿಸಿಟ್ಟಿದ್ದರು. ಎಡಗೈಯಿಂದ, ಸೋಪು ಹಚ್ಚಿ, ನನ್ನ ಕೈಗೆ ನಿಧಾನವಾಗಿ ಏರಿಸಿದರು. ನಾನು ಬಡಿದ ರೊಟ್ಟಿ ನಡುವೆ ಹರಿಯಿತು. "ಪರವಾಗಿಲ್ಲ, ಹರದದ್ದನ್ನೂ ತಿಂತಾರ," ಎಂದು ಅವರು ಕ್ಯಾಮೆರಾದ ಹಿಂದೆ ಮಾತು ಮುಂದುವರಿಸಿದರು.

ವಿಡಿಯೊ ಹಾಕಿದ ಸ್ವಲ್ಪ ಹೊತ್ತಿಗೆ ಯಾರೋ ಕೆಳಗೆ ಬರೆದರು: ಇದು ಅಕ್ಕನ ಕೈ ಅಲ್ಲ. ಅಕ್ಕನ ಕೈ ಎಲ್ಲಿ?

ಅಕ್ಕ ಅದನ್ನು ಓದಿ ಫೋನನ್ನು ನನಗೆ ಕೊಟ್ಟರು.

"ಊರಿಗೆ ಹೋಗ್ಯಾವ ಅಂತ ಬರಿ."

ನಾನು ಹಾಗೇ ಬರೆದೆ. ಯಾವಾಗ ಬರುತ್ತವೆ ಎಂದು ಆ ಮನುಷ್ಯ ಮತ್ತೆ ಕೇಳಿದ್ದಾರೆ.