ಒಂಬತ್ತು ತಿಂಗಳ ಆಯಿ

ಕಮತಗಿಯಲ್ಲಿ ಕೂಸುಗಳಿಗೆ ನೀರೆರೆಯಲು ಮನೆಮನೆಗೆ ಹೋಗುವ ನೀಲವ್ವನಿಗೆ ಗಡಿಯಾರ ಬೇಕಿಲ್ಲ. ನೆತ್ತಿ ಮುಟ್ಟಿ, ಬಾಯಿ ಮೂಸಿ, ಕೂಸು ಎಷ್ಟೊತ್ತಿಗೆ ಹಸಿಯುತ್ತದೆ, ಎಷ್ಟೊತ್ತಿಗೆ ಮಲಗುತ್ತದೆ ಎಂದು ಹೇಳುತ್ತಾಳೆ. ಯಾವ ಕೂಸೂ ಆ ಮಾತು ಮೀರಿದ್ದಿಲ್ಲ. ಪಕ್ಕದ ಮನೆಯ ಜಯಶ್ರೀ ಡಾಕ್ಟರ ಚೀಟಿ ತೋರಿಸಿದಾಗ, "ಚೀಟಿಗೆ ಹಸಿವಿ ಆಗತೈತೇನ ತಂಗಿ?" ಎಂದು ಅದನ್ನು ನೀರೊಲೆಗೆ ತುರುಕಿದವಳು. ಏಳು ತಿಂಗಳಿಗೆ ಮೂರು ನಿದ್ದೆ, ಎರಡು ಚಮಚ ಬೇಳೆಕಟ್ಟು; ಒಂಬತ್ತಕ್ಕೆ ಎರಡು ನಿದ್ದೆ, ಒಂದು ಬಟ್ಟಲು ಗಂಜಿ. ಒಂಬತ್ತು ತುಂಬಿತೋ, ಕಾಲಿಗೆ ಬಿದ್ದರೂ ಆ ಮನೆಗೆ ಬರುವುದಿಲ್ಲ. ಜಯಶ್ರೀಯ ಮಗಳು ವರ್ಷ ತುಂಬಿದ್ದೇ ಬೆಳಗಿನ ನಿದ್ದೆ ಬಿಟ್ಟು, ಗಂಜಿ ಉಗುಳಿ, ದಿನವಿಡೀ ಚೀರತೊಡಗಿದಳು. "ಮುಂದ ಹ್ಯಾಂಗ ಮಾಡ್ಲಿ, ಹೇಳಬೇ ಆಯಿ," ಎಂದು ಜಯಶ್ರೀ ನೀಲವ್ವನ ಮನೆಗೇ ಹೋದಳು. "ಮುಂದಿಂದು ನನಗ ಗೊತ್ತಿಲ್ಲವಾ. ನನ್ನ ಕೂಸು ಒಂಬತ್ತ ತಿಂಗಳಕ್ಕ ಹೋತು," ಎಂದ ನೀಲವ್ವ ಖಾಲಿ ತೊಟ್ಟಿಲು ತೂಗುತ್ತಲೇ ಇದ್ದಳು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಆ ತೊಟ್ಟಿಲು ಕಿರುಗುಟ್ಟುವುದನ್ನು ಓಣಿ ನಲವತ್ತು ವರ್ಷದಿಂದ ಕೇಳುತ್ತ ಬಂದಿದೆ. ಜಯಶ್ರೀ ತಾನೇ ತಿಣುಕಾಡಿ, ಹಾಲಲ್ಲಿ ನೆನೆಸಿದ ರೊಟ್ಟಿ ತಿನ್ನಿಸಿ, ಮಧ್ಯಾಹ್ನ ಒಂದೇ ನಿದ್ದೆ ರೂಢಿಸಿದಳು. ಅದನ್ನು ಹೇಳಿದಾಗ ನೀಲವ್ವ ಎರಡೆರಡು ಸಲ ಹೇಳಿಸಿಕೊಂಡಳು. ಮರುದಿನ ಬೆಳಿಗ್ಗೆ ತೊಟ್ಟಿಲ ಸದ್ದಿಲ್ಲ, ಮಧ್ಯಾಹ್ನವಷ್ಟೇ ಕಿರುಗುಟ್ಟಿತು. ಸಂಜೆ ನೀಲವ್ವ ಖಾಲಿ ಬಟ್ಟಲು ಹಿಡಿದು ಜಯಶ್ರೀಯ ಬಾಗಿಲಿಗೆ ಬಂದಳು: "ನನ್ನ ಕೂಸು ರೊಟ್ಟಿ ಪೂರಾ ತಿಂತು ನೋಡವಾ. ನಿನ್ನ ಮಗಳು ನಡಿಯಾಕ ಹತ್ತಿದ ದಿನಾ ಬಂದು ಹೇಳು. ನಾ ಬಾಗಲಾ ತಗದ ಇಡಬೇಕು."