ಚರಚರ ಎನ್ನುವ ಕೌದಿ

ಕೊರಿಯರ್ ಆಫೀಸಿನಲ್ಲಿ ದಿನವಿಡೀ ಕಂಡವರ ಪಾರ್ಸೆಲ್‌ಗೆ ಟೇಪು ಸುತ್ತುವ ತರುಣನಿಗೆ ಮನೆಯಲ್ಲಿ ‘ಅರೆಬರೆ’ ಎಂದು ಹೆಸರು ಬಿದ್ದಿತ್ತು. ಅದರಲ್ಲಿ ಅನ್ಯಾಯವೇನೂ ಇಲ್ಲವೆಂದು ಅವನೇ ಒಪ್ಪುತ್ತಿದ್ದ. ಅಕ್ಕ-ಭಾವನ ಮನೆಯ ನಡುಕೋಣೆಯಲ್ಲಿ ಅವನದೊಂದು ಮೂಲೆ. ಅಲ್ಲಿ ತಳವಿಲ್ಲದ ರಟ್ಟಿನ ಡಬ್ಬಿ, ಒಂಟಿ ರೆಕ್ಕೆಯ ಕಾಗದದ ಕೊಕ್ಕರೆ, ದೇಟಿಲ್ಲದ ಕಾಗದದ ಹೂಗಳು. ಶುರು ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಮುಗಿಸುವ ಹೊತ್ತಿಗೆ ಆಸಾಮಿ ನಾಪತ್ತೆ.

“ಭಾನುವಾರದೊಳಗೆ ಒಂದಾದ್ರೂ ಮುಗ್ಸಪ್ಪಾ,” ಎಂದಳು ಅಕ್ಕ. “ಇಲ್ಲಾಂದ್ರೆ ಮೂಲೆ ಖಾಲಿ ಮಾಡು. ನಿಮ್ಮ ಭಾವ ಅಲ್ಲಿ ಸೈಕಲ್ ನಿಲ್ಲಿಸ್ತಾರಂತೆ.”

ಇಡೀ ಊರಿನಲ್ಲಿ ನನ್ನದು ಎಂದು ಅವನು ಹೇಳಿಕೊಳ್ಳಬಹುದಾಗಿದ್ದದ್ದು ಆ ಮೂಲೆಯೊಂದೇ. ಹಾಗಾಗಿ ಪಕ್ಕದ ಬೀದಿಯ ಟೈಲರಮ್ಮನ ಬಳಿ ಕಲಿಯುತ್ತಿದ್ದ ಕೌದಿಗೇ ಗಂಟುಬಿದ್ದ. ದಪ್ಪ ಕಾಗದವನ್ನು ಆರು ಬದಿಯ ಚೂರುಗಳಾಗಿ ಕತ್ತರಿಸುವುದು, ಅದರ ಮೇಲೆ ಬಟ್ಟೆ ಮಡಿಚಿ ಕಚ್ಚಾ ಹೊಲಿಗೆ ಹಾಕುವುದು, ಅಂಚಿಗೆ ಅಂಚು ಕೂಡಿಸುವುದು, ಕೊನೆಗೆ ಕಾಗದವನ್ನೆಲ್ಲ ಎಳೆದು ತೆಗೆದು ಹಿಂಬದಿಗೆ ಬಟ್ಟೆ ಹೊಲಿಯುವುದು. ಇಷ್ಟೇ ವಿದ್ಯೆ. ಆದರೆ ಕಾಗದ ತೆಗೆಯುವ ಪಾಠದ ದಿನ ಈ ಮಹಾಶಯ ಕಾಗದದ ಹೂವಿನ ಪಾಠಕ್ಕೆ ಹೋಗಿ ಕೂತಿದ್ದ. ಒಳಗಿನ ಕಾಗದವೇ ಕೌದಿಯ ಮೂಳೆ ಎಂದುಕೊಂಡು ಹಾಗೇ ಬಿಟ್ಟು ಹಿಂಬದಿ ಹೊಲಿದುಬಿಟ್ಟ.

ಭಾನುವಾರ ಊಟವಾದ ಮೇಲೆ ಭಾವ ಅದನ್ನು ಹೊದ್ದು ಮಲಗಿದರು. ಮಗ್ಗುಲಾದರು. ಚರಚರ!

“ಇಲಿ ಕಣೇ!”

ಮಂಚದಡಿ ಪೊರಕೆ ಆಡಿಸಿದರು. ಮತ್ತೆ ಮಲಗಿದರು, ಮತ್ತೆ ಚರಚರ. ಟ್ರಂಕು ಸರಿಸಿದ್ದಾಯಿತು, ಹಾಸಿಗೆ ಕೊಡವಿದ್ದಾಯಿತು. ಸದ್ದು ಕೌದಿಯೊಳಗಿನ ಕಾಗದದ್ದು, ಅದನ್ನು ತೆಗೆಯಬೇಕಿತ್ತು ಎಂದು ಅರೆಬರೆಗೆ ಮೊದಲ ಸಲವೇ ಹೊಳೆದಿತ್ತು. ಬಾಯಿಬಿಟ್ಟರೆ ಕೌದಿ ಮುಗಿದಿಲ್ಲವೆಂದಾಗುತ್ತದೆ, ಮೂಲೆಗೆ ಸೈಕಲ್ ಬರುತ್ತದೆ. ಕೋಲು ಹಿಡಿದು ಇಲ್ಲದ ಇಲಿಯನ್ನು ಶ್ರದ್ಧೆಯಿಂದ ಹುಡುಕಿದ.

“ಅಲ್ನೋಡಿ ಭಾವ, ಬಾಲ!” ಎಂದು ಒಮ್ಮೆ ಕೂಗಿಯೂಬಿಟ್ಟ.

ಬಾಲದ ಸುದ್ದಿ ಕೇಳಿ ಭಾವನಿಗೆ ಹುರುಪು ಬಂತು. “ನಾನು ಅಲ್ಲಾಡ್ದೇ ಬಿದ್ದಿರ್ತೀನಿ. ಅದಾಗೇ ಹೊರಗೆ ಬರುತ್ತೆ, ಗಬಕ್ಕಂತ ಹಿಡೀತೀನಿ,” ಎಂದು ಕೌದಿಯೊಳಗೆ ಕೊರಡಿನಂತೆ ಮಲಗಿದರು. ನಿದ್ದೆಯಲ್ಲಿ ನಾಲ್ಕು ದಿಕ್ಕಿಗೂ ಒದೆಯುವ ಮನುಷ್ಯ ಅವರು. ಮದುವೆಯಾದಂದಿನಿಂದ ಅಕ್ಕ ಮಂಚದ ಅಂಚಿಗೆ ಜೋತುಬಿದ್ದೇ ಮಲಗಿದವಳು. ಅಂದು ಪಕ್ಕದಲ್ಲಿ ಕೈಕಾಲು ಚಾಚಿ ಉರುಳಿದಳು. ಎಚ್ಚರವಾದಾಗ ಸಂಜೆಯಾಗಿತ್ತು.

ಎದ್ದವಳಿಗೆ ಅದೇನು ಅನುಮಾನವೋ, ಇನ್ನೂ ಅಲ್ಲಾಡದೆ ಮಲಗಿದ್ದ ಗಂಡನ ಕಾಲ ಬಳಿ ಕೌದಿಯ ತುದಿಯನ್ನು ಹಿಸುಕಿ ನೋಡಿದಳು. ಚರ್ ಎಂದಿತು. ತಮ್ಮನನ್ನು ಬಾಗಿಲಾಚೆ ಎಳೆದೊಯ್ದಳು.

“ಒಳಗೆ ಕಾಗದ ಇದ್ಯಲ್ಲೋ?”

“ಬಿಚ್ಚಿ ತೆಗೀತೀನಿ ಅಕ್ಕಾ. ಇನ್ನೊಂದು ವಾರ ಟೈಮ್ ಕೊಡು…”

“ಮುಟ್ಟಿದ್ರೆ ಕೈ ಮುರೀತೀನಿ! ಕೌದಿ ಮುಗಿದಿದೆ. ನಾನು ಹೇಳ್ತಿದೀನಲ್ಲ, ಮುಗಿದಿದೆ. ಸೈಕಲ್ ಹೊರಗೇ ಇರ್ಲಿ ಬಿಡು.”

ಒಳಗಿನಿಂದ ಭಾವ, ತುಟಿಯನ್ನೂ ಅಲ್ಲಾಡಿಸದೆ, ಪಿಸುಗುಟ್ಟಿದರು: “ಶ್! ಈಗಷ್ಟೇ ಕಾಲ ಹತ್ರ ಬಂದಿತ್ತು ಕಣ್ರೋ.”