ಎದುರುಮನೆ ಅತ್ತೆಯ ಪದ್ಯ

ಮೊಮ್ಮಗಳ ಸ್ಕೂಲ್ ಡೇ ಮುಗಿಸಿ ಬಂದು ಅವಳ ಮುಖದ ಬಣ್ಣಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದೆ. ಪೌಡರೂ ಎಣ್ಣೆಯೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗಡಿಸೀಮೆ ಮತ್ತಿಗಿರಿಯ ನಮ್ಮ ಹಳೇ ವಠಾರ, ಅಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಮುಖದ ಬಣ್ಣ ಉಜ್ಜಿಕೊಳ್ಳುತ್ತಾ ನಿಂತಿರುತ್ತಿದ್ದ ಎದುರುಮನೆ ಅತ್ತೆ...

ಅತ್ತೆ ಅಂದರೆ ನೆಂಟಸ್ತಿಕೆಯೇನಿಲ್ಲ, ಬಾಯಿಮಾತಿಗೆ ಅತ್ತೆ. ಗಂಡ ಬಿಟ್ಟುಹೋಗಿದ್ದ. ಒಬ್ಬಳೇ ಮಗಳು, ನನ್ನದೇ ಕ್ಲಾಸು. ಅತ್ತೆ ವಯಸ್ಸಿನಲ್ಲಿ ಬೆಂಗಳೂರಿನ ಹೋಟೆಲೊಂದರಲ್ಲಿ ಕ್ಯಾಬರೆಗೆ ಹಾಡುತ್ತಿದ್ದರಂತೆ. ಆಮೇಲೆ ನಾಟಕ ಕಂಪನಿ, ಅದೂ ಮುಚ್ಚಿದ ಮೇಲೆ ಹಳ್ಳಿ ನಾಟಕ. ನಮ್ಮ ಕಡೆ ಊರ ಗಂಡಸರು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕಲಿತು ಪೌರಾಣಿಕ ನಾಟಕ ಆಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ. ಅವರು ಬರುವುದು ನಾಟಕದ ದಿನವೇ, ಪ್ರಾಕ್ಟೀಸು ಗೀಕ್ಟೀಸು ಏನಿಲ್ಲ. ಅತ್ತೆ ಇವತ್ತು ಡೆಂಕಣಿಕೋಟೆ ಕಡೆ ಕನ್ನಡದಲ್ಲಿ ರಾಣಿ, ನಾಳೆ ಕೃಷ್ಣಗಿರಿ ಕಡೆ ತೆಲುಗಿನಲ್ಲಿ ರಾಣಿ.

ಆಗೆಲ್ಲ ಮಗಳು ನಮ್ಮ ಮನೆಯಲ್ಲೇ ಮಲಗುತ್ತಿದ್ದಳು. ಅವಳಿಗಿದ್ದದ್ದು ಒಂದೇ ಆಸೆ, ಅಮ್ಮ ಹಾಡುವುದನ್ನು ಕೇಳಬೇಕು. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಸಿಳ್ಳೆ ಹೊಡ್ಯೋರ ಮುಂದೆ ನಾನು ನಿಂತಿರಾದು ಅವ್ಳು ನೋಡ್ಬಾರ್ದು ಕಣಕ್ಕ" ಎಂದು ನಮ್ಮಮ್ಮನ ಹತ್ತಿರ ಹೇಳುತ್ತಿದ್ದರು. ಮನೆಯಲ್ಲೂ ಒಂದು ಸಾಲು ಗುನುಗಿದವರಲ್ಲ.

ನಾನು ಕೇಳಿದ್ದೂ ಒಂದೇ ಸಲ. ಫ್ಯಾಕ್ಟರಿಯಲ್ಲಿದ್ದ ನಮ್ಮಪ್ಪ ಹುಟ್ಟೂರಿನ ನಾಟಕದಲ್ಲಿ ರಾಜನಾಗಿದ್ದರು, ರಾಣಿ ನಮ್ಮ ಅತ್ತೆ. ಹಿಂದಿನ ದಿನದ ತೆಲುಗು ನಾಟಕದ ದಣಿವೋ ಏನೋ, ಅರಮನೆ ಬಿಟ್ಟು ಕಾಡಿಗೆ ಹೊರಡುವ ಸೀನಿನಲ್ಲಿ ತೆಲುಗು ಪದ್ಯವನ್ನೇ ಎತ್ತಿಬಿಟ್ಟರು! ಹಾರ್ಮೋನಿಯಂ ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು. ಅಪ್ಪ ಏನೂ ಆಗದವರ ಹಾಗೆ ಕನ್ನಡದಲ್ಲೇ ಉತ್ತರ ಕೊಟ್ಟರು. ಕೂತಿದ್ದ ಜನಕ್ಕೆ ಅದೂ ಬರುತ್ತದೆ, ಇದೂ ಬರುತ್ತದೆ, ಯಾರಿಗೇನು? "ಒನ್ಸ್ ಮೋರ್" ಎಂದು ಕೂಗಿದರು. ಎರಡನೇ ಸಲ ಅತ್ತೆ ಅದೇ ರಾಗದಲ್ಲಿ ಕನ್ನಡ ಪದ್ಯ ಹಾಡಿದರು. ಸಿಳ್ಳೆ ಹೊಡೆಯುತ್ತಿದ್ದವರೆಲ್ಲ ತೆಪ್ಪಗಾದರು. ನನಗೆ ಅಳು ಬಂತು, ಯಾಕೆಂದು ಗೊತ್ತಾಗಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡರು. "ನಮ್ ಮಗೀಗೆ ಇದೆಲ್ಲಾ ಹೇಳ್ಬ್ಯಾಡ ಕಣಮ್ಮಾ. ಅವ್ಳ ಮದ್ವೆ ಒಂದಾಗೋಗ್ಲಿ, ಆಮೇಲೆ ನಾನೇ ಮುಂದೆ ಕೂರುಸ್ಕೊಂಡು ಹಾಡ್ತೀನಿ."

ಮದುವೆಯಾಯಿತು. ಆದರೆ ಅದಕ್ಕೂ ಮೊದಲೇ ಗಂಟಲಿನ ಆಪರೇಷನ್ ಆಗಿ ಅತ್ತೆಯ ದನಿಯೇ ಹೋಗಿತ್ತು. ಹೋದ ವರ್ಷ ಅತ್ತೆಯೂ ಹೋದರು...

ಮುಖ ತೊಳೆದುಕೊಂಡು ಮೊಮ್ಮಗಳು ಆಟಕ್ಕೆ ಓಡಿದಳು. ನಾನು ಗೆಳತಿಗೆ, ಅದೇ ಅತ್ತೆಯ ಮಗಳಿಗೆ, ಫೋನ್ ಮಾಡಿ ಆ ನಾಟಕದ ಕತೆಯನ್ನು ಪೂರ್ತಿ ಹೇಳಿದೆ. ಇಷ್ಟು ದಿನ ಯಾರಿಗಾಗಿ ಬಚ್ಚಿಟ್ಟಿದ್ದೆನೋ, ಅವರೇ ಇರಲಿಲ್ಲವಲ್ಲ.

"ಆ ಪದ್ಯ ಹಾಡೇ" ಅಂದಳು ಅವಳು.

"ನಂಗೆಲ್ಲಿ ಬತ್ತದೆ..."

"ಎಂಗಾದ್ರೂ ಹಾಡು. ಕೇಳಿರೋಳು ನೀನೊಬ್ಳೇ ಅಲ್ವಾ?"

ನೆನಪಿದ್ದ ನಾಲ್ಕು ಸಾಲನ್ನು ಒಡಕು ದನಿಯಲ್ಲಿ ಹಾಡಿದೆ. ಎರಡು ಕಡೆ ರಾಗ ಕೈಕೊಟ್ಟಿತು.

"ಇಂಗಿತ್ತಾ ನಮ್ಮಮ್ಮ ಹಾಡೋ ದನಿ?"

"ಇಂಗಿರ್ಲಿಲ್ಲ ಕಣೇ" ಅಂದೆ. "ಇಂಗಿರ್ಲಿಲ್ಲ..."